ಯಜಮಾನರಿಗೆ ಕೊಡತಕ್ಕ ಉಪಾಯನ

॥ ಶ್ರೀಗುರುಭ್ಯೋ ನಮಃ । ಹರಿಃ ಓಂ ॥



ಆಷಾಢ ಬಹುಳ ಅಮಾವಾಸ್ಯೆಯನ್ನು ನಮ್ಮ ಕನ್ನಡನಾಡಿನಲ್ಲಿ ಭೀಮನ ಅಮಾವಾಸ್ಯೆಯೆಂದು ಕರೆಯುವುದು ವಾಡಿಕೆ. ಜ್ಯೋತಿರ್ಭೀಮೇಶ್ವರ ವ್ರತ, ಪತಿಸಂಜೀವಿನೀ ವ್ರತ ಎಂಬ ಹೆಸರುಗಳೂ ಅದಕ್ಕುಂಟು. ನಾವು ನೆಲೆಸಿರುವ ಮುಂಬಯಿ ಪ್ರಾಂತದ ಮರಾಠೀ ಮನೆಗಳಲ್ಲಿ ಅದೇ ದಿನ ಹಿತ್ತಾಳೆ-ಬೆಳ್ಳಿಯ ದೀಪಗಳನ್ನೆಲ್ಲ ತಿಕ್ಕಿ ತೊಳೆದು ಸಾಲಾಗಿಟ್ಟು ಪೂಜಿಸುತ್ತಾರೆ. ಅವರಿಗೆ ಅದು ದೀಪ ಅಮಾವಾಸ್ಯೆ. ನಮ್ಮ ವ್ರತದಲ್ಲಿಯೂ ಜೋಡಿ ದೀಪದ ಕಂಬಗಳೇ ಪೂಜೆಗೊಳ್ಳುವುದರಿಂದ ಎರಡು ನಾಡಿನ ಆಚಾರಗಳು ಒಂದೇ ದೀಪದಡಿಯಲ್ಲಿ ಸೇರಿದಂತಾಯಿತು. ಹೊಸ್ತಿಲಿನ ಮೇಲೆ ನಾಣ್ಯ ಅಡಗಿಸಿದ ಕಡುಬಿಟ್ಟು ಅಣ್ಣತಮ್ಮಂದಿರಿಂದ ಮೊಣಕೈಯಲ್ಲಿ ಒಡೆಸುವ ಭಂಡಾರದ ಸಂಭ್ರಮವನ್ನು ನಮ್ಮ ಸೊಸೆಯಂದಿರು ಫ್ಲಾಟಿನ ಕಿರಿದಾದ ಬಾಗಿಲಲ್ಲಿಯೂ ಬಿಟ್ಟಿಲ್ಲವೆಂಬುದು ಸಂತೋಷದ ವಿಷಯ.

ಕೆಲವು ವರ್ಷಗಳ ಹಿಂದೆ ಆ ಅಮಾವಾಸ್ಯೆಯ ಸಂಜೆ ಶಾಖಾಮಠದಲ್ಲಿ ನಮ್ಮ ಉಪನ್ಯಾಸವಿತ್ತು. ಚಾತುರ್ಮಾಸ್ಯದ ಪ್ರಯುಕ್ತ ಕಠೋಪನಿಷತ್ತನ್ನು ಶ್ರೀಮದಾಚಾರ್ಯರ ಭಾಷ್ಯದೊಡನೆ ಹೇಳಲು ಆರಂಭಿಸಿದ್ದೆವು. ಮಂಗಳವಾದ ಮೇಲೆ ಎಲ್ಲರೂ ಮಂತ್ರಾಕ್ಷತೆ ತೆಗೆದುಕೊಂಡು ಲೋಕಲ್ ಗಾಡಿಯ ವೇಳೆ ನೋಡಿಕೊಂಡು ಹೊರಟರು. ಒಬ್ಬ ತಾಯಿ ಮಾತ್ರ ಕಂಬದ ಬಳಿ ನಿಂತಿದ್ದರು. ವಿಜಾಪುರದ ಕಡೆಯವರು, ಮುಂಬಯಿಗೆ ಬಂದು ಮೂವತ್ತು ವರ್ಷಗಳಾದರೂ ಮಾತು ಅಲ್ಲಿಯದೇ.

"ಆಚಾರ್ಯರ, ನಮ್ಮ ಮನೆಯವರಿಗೆ ಬರೋ ಕಾರ್ತೀಕದಾಗ ಅರವತ್ತು ತುಂಬತಾವ. ಶಾಂತಿ ಮಾಡಸೂದು ಅಂತ ಆಗೇದ. ಮಗಳು ಬಂಗಾರದ ಸರ ಅಂತಾಳ, ಅಳಿಯಂದಿರು ಕಾಶೀಯಾತ್ರಾ ಅಂತಾರ. ನನಗ ಏನೂ ತಿಳೀವಲ್ದು. ಅವರಿಗೆ ನಾ ಏನ್ ಕೊಡಬೇಕ್ರೀ?"

ಇಂತಹ ಪ್ರಶ್ನೆಗೆ ಶಾಸ್ತ್ರವನ್ನು ಬಲ್ಲೆವೆನ್ನುವ ನಮ್ಮಂಥವರು ಸಾಮಾನ್ಯವಾಗಿ ಒಂದು ನಗೆ ನಕ್ಕು "ನಿಮ್ಮ ಭಕ್ತಿಯೇ ಸಾಕು" ಎಂದು ಹೇಳಿ ಕಳುಹಿಸಿಬಿಡುತ್ತೇವೆ. ಅಂದು ಹಾಗೆ ಹೇಳಲು ಮನಸ್ಸಾಗಲಿಲ್ಲ. ಏಕಾದಶಿಯ ದಿನ ಹೇಳುತ್ತೇವೆಂದು ಅವಧಿ ಕೇಳಿಕೊಂಡೆವು. ಮನೆಗೆ ಬಂದು ಯೋಚಿಸಿದಾಗ ಇದು ಸಣ್ಣ ಪ್ರಶ್ನೆಯಲ್ಲವೆಂದು ತಿಳಿಯಿತು.

ಮೊದಲನೆಯದಾಗಿ, ಹೆಂಡತಿ ಗಂಡನಿಗೆ ಕೊಡುವುದು ದಾನವಾಗುತ್ತದೆಯೇ? ತನ್ನ ಸ್ವತ್ವವನ್ನು ಬಿಟ್ಟು ಮತ್ತೊಬ್ಬರ ಸ್ವತ್ವವನ್ನು ಉಂಟುಮಾಡುವುದು ದಾನದ ಲಕ್ಷಣ. ಆಪಸ್ತಂಬರಾದರೋ ದಂಪತಿಗಳಿಗೆ ವಿಭಾಗವೇ ಇಲ್ಲವೆಂದು ಧರ್ಮಸೂತ್ರದಲ್ಲಿ ಹೇಳಿದ್ದಾರೆ. ಒಂದೇ ಕಪಾಟಿನ ಒಂದೇ ಪೆಟ್ಟಿಗೆಯಿಂದ ಹಣ ತೆಗೆದು, ಅದೇ ಹಣದಿಂದ ಅಂಗಿಯನ್ನು ಕೊಂಡು, ಅದೇ ಕಪಾಟಿನಲ್ಲಿ ಇಟ್ಟರೆ ಯಾರ ಸ್ವತ್ವ ಹೋಯಿತು, ಯಾರದು ಬಂದಿತು? ಈಗ ಮನೆಯ ಗೃಹಿಣಿಯರೂ ಬ್ಯಾಂಕುಗಳಲ್ಲಿ, ಶಾಲೆಗಳಲ್ಲಿ ದುಡಿಯುತ್ತಾರೆ ನಿಜ. ಆದರೂ ತಿಂಗಳ ಕೊನೆಗೆ ಎರಡು ಸಂಬಳಗಳೂ ಮನೆಯ ಕಂತಿನಲ್ಲಿ ಒಂದಾಗಿ ಹರಿದುಹೋಗುವುದನ್ನು ನಾವು ಬಲ್ಲೆವು. ಅಲ್ಲದೆ ತತ್ತ್ವದೃಷ್ಟಿಯಿಂದ ನೋಡಿದರೆ ಸ್ವತಂತ್ರನಾದವನು ಶ್ರೀಹರಿ ಒಬ್ಬನೇ. ಪರತಂತ್ರರಾದ ನಮ್ಮದೆಂಬುದು ಏನಿದೆ, ಕೊಡುವುದಕ್ಕೆ? ಅವನದನ್ನು ಅವನಿಗೇ, ಪತಿಯೊಳಗೆ ನಿಂತಿರುವ ಭಾರತೀರಮಣ ಮುಖ್ಯಪ್ರಾಣಾಂತರ್ಗತನಿಗೆ ಒಪ್ಪಿಸುವುದಷ್ಟೇ ನಮ್ಮ ಪಾಲಿನ ಕಾರ್ಯ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯರು ಮೈತ್ರೇಯಿಗೆ ಹೇಳುವ ಮಾತೂ ಇದೇ ದಾರಿಯದು. ಪತಿಯು ಪ್ರಿಯನಾಗುವುದು ಪತಿಯ ಇಚ್ಛೆಯಿಂದಲ್ಲ, ಪರಮಾತ್ಮನ ಇಚ್ಛೆಯಿಂದ ಎಂಬುದು ನಮ್ಮ ಸಿದ್ಧಾಂತದ ಅರ್ಥ. ಆ ಪ್ರಕರಣದಲ್ಲಿ ಕೊಡಹೊರಟವರು ಗಂಡ, ಬೇಡವೆಂದವಳು ಹೆಂಡತಿ ಎಂಬುದನ್ನೂ ಮರೆಯಬಾರದು. ಆಸ್ತಿಯನ್ನು ಹಂಚಿಕೊಡುತ್ತೇನೆಂದರೆ ಆಕೆ ಅಮೃತತ್ವದ ವಿದ್ಯೆಯನ್ನು ಕೇಳಿದಳು.

ದಾನವಲ್ಲದಿದ್ದರೆ ಮತ್ತೇನು? ಇಲ್ಲಿ ನಮಗೆ ವ್ಯಾಕರಣವು ನೆರವಿಗೆ ಬಂದಿತು. ಕರ್ತೃವು ತಾನು ಕೊಡುವ ವಸ್ತುವಿನ ಮೂಲಕ ಯಾರನ್ನು ಉದ್ದೇಶಿಸುತ್ತಾನೋ ಅವನಿಗೆ ಪಾಣಿನಿ ಮಹರ್ಷಿಗಳು ಸಂಪ್ರದಾನವೆಂದು ಹೆಸರಿಟ್ಟಿದ್ದಾರೆ; ಅವನಿಗೆ ಚತುರ್ಥೀ ವಿಭಕ್ತಿ. ಇಲ್ಲಿ ವೈಯಾಕರಣರು ಒಂದು ಸೊಗಸಾದ ಪ್ರತ್ಯುದಾಹರಣೆಯನ್ನು ಕೊಡುತ್ತಾರೆ. ಅಗಸನಿಗೆ ಬಟ್ಟೆಯನ್ನು ಕೊಡುತ್ತೇವೆ. ಕೊಡುವ ಕ್ರಿಯೆ ಅಲ್ಲಿಯೂ ಇದೆ, ಬಟ್ಟೆ ನಮ್ಮ ಕೈಯಿಂದ ಅವನ ಕೈಗೆ ಹೋಗುವುದೂ ನಿಜ. ಆದರೂ ಅಗಸನು ಸಂಪ್ರದಾನನಲ್ಲ, ಅವನಿಗೆ ಚತುರ್ಥಿಯಲ್ಲ, ಷಷ್ಠಿ. ಏಕೆಂದರೆ ಆ ಬಟ್ಟೆ ಒಗೆದು ಇಸ್ತ್ರಿಯಾಗಿ ನಮ್ಮ ಮನೆಗೇ ಮರಳಿ ಬರತಕ್ಕದ್ದು. ಉದ್ದೇಶ ನಾವೇ ಹೊರತು ಅಗಸನಲ್ಲ.

ಈ ಒಂದು ಉದಾಹರಣೆಯನ್ನು ಕೈದೀಪ ಮಾಡಿಕೊಂಡು ನಮ್ಮ ನಮ್ಮ ಮನೆಗಳಲ್ಲಿ ಕೊಟ್ಟ ಉಡುಗೊರೆಗಳನ್ನು ಸುಮ್ಮನೆ ಒಮ್ಮೆ ಎಣಿಸಿ ನೋಡಬೇಕು. ನಾಲ್ಕು ಜನರ ನಡುವೆ ನಮ್ಮ ಮರ್ಯಾದೆ ಉಳಿಯಲೆಂದು ಯಜಮಾನರಿಗೆ ಕೊಡಿಸಿದ ಸೂಟು; ಎಲ್ಲಿದ್ದರೂ ನಮ್ಮ ಕರೆಗೆ ಉತ್ತರ ಕೊಡಲೆಂದು ತಂದೆಗೆ ಕೊಟ್ಟ ಮೊಬೈಲು; ಮಗನು ಊರಿಗೆ ಹೋಗದಿರುವುದಕ್ಕೆ ಸಮಾಧಾನವಾಗಿ ಕಳುಹಿಸಿದ ಬಣ್ಣದ ಟಿ.ವಿ. ಇವೆಲ್ಲ ಅಗಸನಿಗೆ ಕೊಟ್ಟ ಬಟ್ಟೆಗಳು. ಕೊಡುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಅಗಸನಿಗೂ ಬಟ್ಟೆ ಕೊಡಲೇಬೇಕಲ್ಲವೇ? ಆದರೆ ಅದನ್ನು ಚತುರ್ಥಿಯೆಂದು ಭ್ರಮಿಸಬಾರದು. ಗೀತೆಯ 17ನೆಯ ಅಧ್ಯಾಯದಲ್ಲಿ ಭಗವಂತನು ದಾನವನ್ನು ಮೂರಾಗಿ ವಿಂಗಡಿಸುವಾಗ ಪ್ರತ್ಯುಪಕಾರವನ್ನು ಬಯಸಿ, ಮನಸ್ಸಿನಲ್ಲಿ ಸಂಕಟಪಡುತ್ತ ಕೊಟ್ಟದ್ದನ್ನು ರಾಜಸವೆಂದನು. ದೇಶ, ಕಾಲ, ಪಾತ್ರಗಳನ್ನು ನೋಡಿ, ಮರಳಿ ಉಪಕಾರ ಮಾಡದವನಿಗೆ, ಕೊಡಬೇಕೆಂಬ ಒಂದೇ ಬುದ್ಧಿಯಿಂದ ಕೊಟ್ಟದ್ದನ್ನು ಸಾತ್ತ್ವಿಕವೆಂದನು. ಮನೆಯವರೇ ಆದ ಗಂಡ, ತಂದೆ ಇವರ ವಿಷಯದಲ್ಲಿ ಈ ಸಾತ್ತ್ವಿಕವು ಬಹು ಕಷ್ಟ. ಪರರಿಗೆ ನಿಷ್ಕಾಮವಾಗಿ ಕೊಡುವುದು ಒಂದು ಪಕ್ಷ ಸಾಧ್ಯ. ದಿನವೂ ಎದುರಿಗೆ ಕುಳಿತು ಊಟಮಾಡುವವನಿಗೆ ಕೊಟ್ಟು "ಏನೂ ಹೇಳಲೇ ಇಲ್ಲವಲ್ಲ" ಎಂದು ಮುಖ ನೋಡದೆ ಇರುವುದು ದುಸ್ಸಾಧ್ಯ!

ಹೆಂಡತಿಯು ಗಂಡನಿಗೆ ಕೊಟ್ಟ ವಸ್ತುವೊಂದನ್ನು ಶ್ರೀಮದ್ಭಾಗವತವು ಎಲ್ಲಿ ವರ್ಣಿಸಿದೆಯೆಂದು ನೋಡಿದರೆ ಸುದಾಮನ ಮನೆ ನೆನಪಾಗುತ್ತದೆ. ದಶಮ ಸ್ಕಂಧದ ಉತ್ತರಾರ್ಧದ ಆ ಕಥೆಯನ್ನು ಬಾಲಕರೂ ಬಲ್ಲರು. ನಾವು ಅದನ್ನು ಸಾಮಾನ್ಯವಾಗಿ ಸುದಾಮನು ಕೃಷ್ಣನಿಗೆ ಅವಲಕ್ಕಿ ಕೊಟ್ಟ ಕಥೆಯೆಂದು ಹೇಳುತ್ತೇವೆ. ಮೂಲವನ್ನು ನೋಡಿದರೆ ಆ ಉಪಾಯನವನ್ನು ಮೊದಲು ಕೊಟ್ಟವಳು ಅವನ ಹೆಂಡತಿ, ಕೊಟ್ಟದ್ದು ಗಂಡನ ಕೈಗೆ. ಮನೆಯಲ್ಲಿ ಏನೂ ಇಲ್ಲ. ನೆರೆಯ ಬ್ರಾಹ್ಮಣರ ಮನೆಗಳಿಂದ ನಾಲ್ಕು ಮುಷ್ಟಿ ಅವಲಕ್ಕಿಯನ್ನು ಬೇಡಿ ತಂದು ಒಂದು ಬಟ್ಟೆಯ ತುಂಡಿನಲ್ಲಿ ಕಟ್ಟಿಕೊಡುತ್ತಾಳೆ. ಭಾಗವತಕಾರರು ಗಂಡನ ಪದಕ್ಕೆ ಅಲ್ಲಿ ಚತುರ್ಥಿಯನ್ನೇ ಹಾಕಿದ್ದಾರೆ. ವಿಚಿತ್ರವೆಂದರೆ ಆ ಗಂಟಿನಲ್ಲಿದ್ದದ್ದು ಅವನು ತಿನ್ನುವುದಕ್ಕಲ್ಲ, ಇಟ್ಟುಕೊಳ್ಳುವುದಕ್ಕೂ ಅಲ್ಲ. ಹಾಗಾದರೆ ಆಕೆ ಅವನಿಗೆ ಕೊಟ್ಟದ್ದೇನು? ದ್ವಾರಕೆಗೆ ಹೋಗುವುದಕ್ಕೆ ಒಂದು ನಿಮಿತ್ತವನ್ನು ಕೊಟ್ಟಳು. ಹಳೆಯ ಸಹಪಾಠಿಯನ್ನು ನೋಡಬೇಕೆಂಬ ಆಸೆ ಅವನಲ್ಲಿ ಎಷ್ಟು ವರ್ಷದಿಂದಿತ್ತೋ. ಬರಿಗೈಯಲ್ಲಿ ಹೇಗೆ ಹೋಗಲೆಂಬ ಸಂಕೋಚವೊಂದು ತಡೆದಿತ್ತು. ಆ ಸಂಕೋಚವನ್ನು ಆಕೆ ನಾಲ್ಕು ಮುಷ್ಟಿಯಿಂದ ಕಳೆದಳು. ಅಲ್ಲಿಗೆ ಹೋಗಿ ಅವನು ನಾಚಿ ಗಂಟನ್ನು ಮರೆಮಾಡಿದ್ದು, ಭಗವಂತನು ಸೆಳೆದುಕೊಂಡು ಒಂದು ಮುಷ್ಟಿ ಮುಕ್ಕಿದ್ದು, ಎರಡನೆಯದಕ್ಕೆ ಲಕ್ಷ್ಮೀದೇವಿಯು ಕೈಹಿಡಿದದ್ದು ಎಲ್ಲವೂ ಆಮೇಲಿನ ಮಾತು. ಪುರಂದರದಾಸರ ಪತ್ನಿಯು ಬಡ ಬ್ರಾಹ್ಮಣನಿಗೆ ಮೂಗುತಿಯನ್ನು ತೆಗೆದುಕೊಟ್ಟಳೆಂಬ ಸಂಪ್ರದಾಯದ ಕಥೆಯಲ್ಲಿಯೂ, ಕೊಟ್ಟದ್ದು ಬ್ರಾಹ್ಮಣನಿಗಾದರೂ ನಿಜವಾಗಿ ಪಡೆದವರು ದಾಸರೇ.

ಆದ್ದರಿಂದ ಯಜಮಾನರ ಮನಸ್ಸಿನಲ್ಲಿ ಹಲವು ವರ್ಷದಿಂದ ಏನು ತಡೆದುನಿಂತಿದೆಯೆಂದು ಮೊದಲು ಹುಡುಕಬೇಕು. ಮುಂಬಯಿಯಂತಹ ಊರಿನಲ್ಲಿ ಅದನ್ನು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಡೊಂಬಿವಲಿಯಿಂದ, ಕಲ್ಯಾಣದಿಂದ ದಿನವೂ ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿಯುವ ನಮ್ಮ ಗೃಹಸ್ಥರ ಪ್ರಾತಃಸಂಧ್ಯೆಯನ್ನು ಒಮ್ಮೆ ನೋಡಿ. ಆಚಮನಕ್ಕೂ ಅರ್ಘ್ಯಕ್ಕೂ ನಡುವೆ ನಲ್ಲಿಯ ನೀರು ಬಂದಿತೆಂಬ ಕೂಗು; ಗಾಯತ್ರೀಜಪದ ನಡುವೆ ಹಾಲಿನವನ ಗಂಟೆ; ಗೋಪೀಚಂದನ ಒಣಗುವ ಮುನ್ನ ಅಂಗಿಯ ಗುಂಡಿ. ನಾವು ನಮ್ಮ ಸೇವೆಯುದ್ದಕ್ಕೂ ಗಾಡಿಗಳನ್ನು ವೇಳೆಗೆ ಸರಿಯಾಗಿ ಓಡಿಸುವ ಇಲಾಖೆಯಲ್ಲಿದ್ದು, ನಮ್ಮ ಸ್ವಂತ ಅರ್ಘ್ಯವನ್ನು ಮಾತ್ರ ವೇಳೆಗೆ ಕೊಡದ ದಿನಗಳನ್ನು ಎಣಿಸಿದರೆ ನಾಚಿಕೆಯಾಗುತ್ತದೆ. ಇಂತಹ ಮನೆಯಲ್ಲಿ ಹೆಂಡತಿ ಮಕ್ಕಳು ಸೇರಿ ಬೆಳಗಿನ ನಲವತ್ತು ನಿಮಿಷಗಳನ್ನು ಯಜಮಾನರಿಗೆ ಬಿಡಿಸಿಕೊಟ್ಟರೆ, ಅಂದರೆ ನೀರು, ಹಾಲು, ಡಬ್ಬಿ, ಬಾಗಿಲು ಇವನ್ನು ತಾವು ವಹಿಸಿಕೊಂಡು ಆ ಹೊತ್ತಿನಲ್ಲಿ ಅವರನ್ನು ಯಾರೂ ಕೂಗದಂತೆ ನೋಡಿಕೊಂಡರೆ, ಅದಕ್ಕಿಂತ ದೊಡ್ಡ ಬಂಗಾರದ ಸರವನ್ನು ನಾವು ಕಾಣೆವು. ನಮ್ಮ ಮಡದಿಯು ನಮಗೆ ಹೀಗೆ ಕೊಟ್ಟದ್ದರಿಂದಲೇ ನಾವು ನಿವೃತ್ತಿಗೆ ಮೊದಲು ಗೀತಾಭಾಷ್ಯವನ್ನು ಒಮ್ಮೆಯಾದರೂ ಪೂರ್ತಿ ಓದಲು ಸಾಧ್ಯವಾಯಿತು. ನಿವೃತ್ತಿಯ ದಿನ ಮಿತ್ರರು ಕೊಟ್ಟ ಕೈಗಡಿಯಾರ ಪೆಟ್ಟಿಗೆಯಲ್ಲಿಯೇ ಇದೆ.

ವಸ್ತುವನ್ನೇ ಕೊಡಬೇಕೆಂದಿದ್ದರೆ ಅದಕ್ಕೂ ದಾರಿಯುಂಟು. ಅರವತ್ತು ದಾಟಿದ ಕಣ್ಣಿಗೆ ದಪ್ಪಕ್ಷರದ ಹರಿಕಥಾಮೃತಸಾರ. ಮಂಡಿನೋವಿನವರಿಗೆ ಸಂಧ್ಯಾವಂದನೆಗೆ ಕೂರಲು ತಕ್ಕ ಎತ್ತರದ ಮಣೆ. ಸವೆದ ಮಗುಟದ ಬದಲಿಗೆ ಹೊಸದು. ಅವರ ತಂದೆಯ ಕೈಬರಹದ ಸ್ತೋತ್ರದ ಪುಸ್ತಕ ಹರಿದಿದ್ದರೆ ಅದಕ್ಕೆ ಹೊಸ ರಟ್ಟು. ಇವುಗಳನ್ನು ಕೊಳ್ಳುವುದಕ್ಕೆ ಹೆಚ್ಚು ಹಣ ಬೇಡ, ಅವರನ್ನು ಕೆಲವು ದಿನ ಗಮನಿಸಿ ನೋಡುವ ವ್ಯವಧಾನ ಬೇಕು. ಮಣೆಯ ಎತ್ತರವನ್ನು ಅಂಗಡಿಯವನು ಹೇಳಲಾರ.

ಏಕಾದಶಿಯಂದು ಇಷ್ಟನ್ನೂ ಆ ತಾಯಿಗೆ ಹೇಳಬೇಕೆಂದು ಸಿದ್ಧಪಡಿಸಿಕೊಂಡು ಹೋಗಿದ್ದೆವು. ಆದರೆ ಪ್ರಶ್ನೆಯ ಇನ್ನೊಂದು ಭಾಗವನ್ನು ನಾವು ಗಮನಿಸಿರಲಿಲ್ಲ. ಯಜಮಾನರು ಪತಿ ಮಾತ್ರವಲ್ಲ, ತಂದೆಯೂ ಹೌದು. ತಂದೆಗೆ ಮಕ್ಕಳು ಏನು ಕೊಡಬೇಕು?

ಇಲ್ಲಿ ನಮಗೆ ದಾರಿ ತೋರುವವರು ಶ್ರೀಮದಾಚಾರ್ಯರೇ. ಪಾಜಕದಲ್ಲಿ ಬಾಲಕ ವಾಸುದೇವನಾಗಿದ್ದಾಗ, ತಂದೆ ಮಧ್ಯಗೇಹ ಭಟ್ಟರು ಎತ್ತಿನ ಬಾಬ್ತು ಸಾಲವನ್ನು ತೀರಿಸಲಾಗದೆ ಸಾಲಗಾರನ ಮುಂದೆ ಕಟ್ಟಿಬಿದ್ದಿರುವುದನ್ನು ಕಂಡು, ಆ ಶಿಶುವು ಕೈತುಂಬ ಹುಣಸೆಯ ಬೀಜಗಳನ್ನು ತಂದು ಕೊಟ್ಟಿತು. ಸಾಲಗಾರನು ಅವನ್ನೇ ಹಣವೆಂದು ತೆಗೆದುಕೊಂಡು ತೃಪ್ತನಾಗಿ ಹೋದ. ಸುಮಧ್ವವಿಜಯದಲ್ಲಿ ನಾರಾಯಣ ಪಂಡಿತಾಚಾರ್ಯರು ಇದನ್ನು ಮಹಿಮೆಯಾಗಿ ವರ್ಣಿಸಿದ್ದಾರೆ. ಮಹಿಮೆಯನ್ನು ಅನುಕರಿಸಲು ನಮ್ಮಿಂದಾಗದು. ತಂದೆಯ ಮುಖದ ಮೇಲಿನ ಸಾಲವನ್ನು ಕಾಣುವ ಕಣ್ಣನ್ನಾದರೂ ಬೇಡಿಕೊಳ್ಳಬಹುದು. ನಮಗೆ ಅದಕ್ಕಿಂತ ಹೆಚ್ಚು ಮನಸ್ಸಿಗೆ ತಟ್ಟುವುದು ಮುಂದಿನ ಪ್ರಸಂಗ. ಸಂನ್ಯಾಸಕ್ಕೆ ಹೊರಟ ಮಗನನ್ನು ತಂದೆ ಬೇಡವೆಂದು ತಡೆದರು. ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡ ಮೇಲೆ ಹುಟ್ಟಿದವನು. ಇವನೂ ಹೋದರೆ ಮುಪ್ಪಿನಲ್ಲಿ ಯಾರು ಗತಿ? ಸಾಕ್ಷಾತ್ ವಾಯುದೇವರ ಅವತಾರ, ಲೋಕವೇ ಕಾದಿದೆ, ಸಜ್ಜನರ ಉದ್ಧಾರವಾಗಬೇಕಾಗಿದೆ. ಆದರೂ, ತಮ್ಮನೊಬ್ಬನು ಹುಟ್ಟುವ ತನಕ ಸಂನ್ಯಾಸವನ್ನು ಸ್ವೀಕರಿಸುವುದಿಲ್ಲವೆಂದು ಆಚಾರ್ಯರು ತಂದೆಗೆ ಮಾತು ಕೊಟ್ಟರು, ಕೊಟ್ಟಂತೆ ಕಾದರು. ಆ ತಮ್ಮನೇ ಮುಂದೆ ವಿಷ್ಣುತೀರ್ಥರಾದರು. ಲೋಕಗುರುಗಳೇ ತಂದೆಗಾಗಿ ಕಾದಿರುವಾಗ ನಮ್ಮ ಅವಸರಗಳು ಯಾವ ಲೆಕ್ಕದವು?

ಈ ಮಾತನ್ನು ಬರೆಯುವಾಗ ನಮ್ಮ ಲೇಖನಿ ತಡೆಯುತ್ತದೆ. 1985ರಲ್ಲಿ ಅಧಿಕ ಶ್ರಾವಣ ಬಂದಿತ್ತು. ನಾವು ಸೇವೆಗೆ ಸೇರಿದ ಹೊಸತು, ಊರಿನಿಂದ ಒಂದು ರಾತ್ರಿಯ ಪ್ರಯಾಣದ ದೂರ. ನಮಗೆ ಕೌಮುದಿಯನ್ನು ಮನೆಯಲ್ಲಿಯೇ ಪಾಠ ಹೇಳಿದವರು ನಮ್ಮ ತೀರ್ಥರೂಪರು. ಅಧಿಕಮಾಸದಲ್ಲಿ ಭಾಗವತ ಸಪ್ತಾಹವನ್ನು ಇಡುತ್ತೇನೆ, ಮೂಲವನ್ನು ನೀನು ಓದು, ಅರ್ಥವನ್ನು ನಾನು ಹೇಳುತ್ತೇನೆ ಎಂದು ಕಾರ್ಡು ಬರೆದರು. ನಾವು ರಜೆ ಸಿಗುವುದಿಲ್ಲವೆಂದು ಉತ್ತರಿಸಿ, ಮೂವತ್ಮೂರು ಅಪೂಪದಾನದ ಖರ್ಚಿಗೂ ಸೇರಿಸಿ ಎಂದಿಗಿಂತ ಎರಡರಷ್ಟು ಹಣವನ್ನು ಮನಿಯಾರ್ಡರ್ ಮಾಡಿದೆವು. ಸತ್ಯವೇನೆಂದರೆ ನಾವು ರಜೆಯನ್ನು ಕೇಳಿಯೇ ಇರಲಿಲ್ಲ. ಹೊಸ ಕೆಲಸ, ಮೇಲಧಿಕಾರಿಗಳ ಕಣ್ಣಿಗೆ ಒಳ್ಳೆಯವರಾಗಬೇಕೆಂಬ ಹಂಬಲ. ಆ ವರ್ಷ ಸಪ್ತಾಹ ನಡೆಯಲಿಲ್ಲ. ಅವರ ಕಾಲಾನಂತರ ಪೆಟ್ಟಿಗೆಯನ್ನು ತೆರೆದಾಗ ನಮ್ಮ ಮನಿಯಾರ್ಡರುಗಳ ಕೂಪನ್ನುಗಳು ಒಂದು ದಾರದಲ್ಲಿ ಪೋಣಿಸಿದ್ದವು. ಫಾರಮಿನ ಕೆಳಭಾಗದಲ್ಲಿ ಎರಡು ಸಾಲು ಸಂದೇಶ ಬರೆಯುವುದಕ್ಕೆ ಸ್ಥಳವಿರುತ್ತಿತ್ತೆಂಬುದು ಹಿರಿಯ ಓದುಗರಿಗೆ ನೆನಪಿರಬಹುದು. ಅಂಚೆ ಇಲಾಖೆಯ ಆ ಹಳೆಯ ಪದ್ಧತಿ 2015ರಲ್ಲಿ ನಿಂತಿತು. ಪ್ರತಿಯೊಂದರಲ್ಲಿಯೂ ನಾವು ಬರೆದದ್ದು ಒಂದೇ ಪದ: ಕ್ಷೇಮ. ಹಣವನ್ನು ಅವರು ಎಂದೋ ಖರ್ಚು ಮಾಡಿದ್ದರು. ಇಟ್ಟುಕೊಂಡದ್ದು ಆ ಪದವನ್ನು.

ನಾವು ಕೊಟ್ಟದ್ದು ಅಗಸನ ಬಟ್ಟೆಯೆಂದು ಆ ದಿನ ತಿಳಿಯಿತು. ಇರಲಿ.

ಏಕಾದಶಿಯ ಉಪನ್ಯಾಸದಲ್ಲಿ ನಚಿಕೇತನ ಮೊದಲನೆಯ ವರದ ಪ್ರಕರಣ ಬಂದಿತ್ತು. ಕಥೆ ಎಲ್ಲರಿಗೂ ತಿಳಿದದ್ದೇ. ಯಾಗ ಮಾಡಿದ ತಂದೆಯು ನೀರು ಕುಡಿದು ಮುಗಿಸಿದ, ಹುಲ್ಲು ಮೇದು ಮುಗಿಸಿದ, ಹಾಲು ಬತ್ತಿದ ಹಸುಗಳನ್ನು ದಕ್ಷಿಣೆಯಾಗಿ ಕೊಡುತ್ತಿದ್ದಾನೆ. ಬಾಲಕನಿಗೆ ಸಂಕಟವಾಗುತ್ತದೆ. ನನ್ನನ್ನು ಯಾರಿಗೆ ಕೊಡುವೆ ಎಂದು ಎರಡು ಬಾರಿ, ಮೂರು ಬಾರಿ ಕೇಳುತ್ತಾನೆ. ತಂದೆಗೆ ಸಿಟ್ಟು ಬಂದು ಮೃತ್ಯುವಿಗೆ ಕೊಟ್ಟೆನೆಂದುಬಿಡುತ್ತಾನೆ. ಹುಡುಗನು ಯಮನ ಮನೆಗೆ ಹೋಗಿ ಮೂರು ರಾತ್ರಿ ಉಪವಾಸವಿದ್ದು ಮೂರು ವರಗಳನ್ನು ಪಡೆಯುತ್ತಾನೆ. ಪಂಡಿತರು ಮೂರನೆಯ ವರವನ್ನು ಕುರಿತು ಗ್ರಂಥಗಳನ್ನೇ ಬರೆದಿದ್ದಾರೆ. ಬರೆಯತಕ್ಕದ್ದೇ, ಅದು ಪರತತ್ತ್ವದ ವಿಚಾರ. ಎರಡನೆಯದು ಅಗ್ನಿವಿದ್ಯೆ. ಅವೆರಡಕ್ಕಿಂತಲೂ ಮೊದಲು ಆ ಬಾಲಕನು ಕೇಳಿದ್ದೇನು? ತಂದೆಯ ಚಿಂತೆ ಶಮನವಾಗಲಿ, ಅವನ ಮನಸ್ಸು ತಿಳಿಯಾಗಲಿ, ನನ್ನ ಮೇಲಿನ ಕೋಪ ಹೋಗಲಿ, ನಾನು ಮರಳಿ ಹೋದಾಗ ನನ್ನನ್ನು ಗುರುತಿಸಿ ಮಾತನಾಡಿಸಲಿ. ಸ್ವರ್ಗಕ್ಕಿಂತ ಮೊದಲು, ಬ್ರಹ್ಮವಿದ್ಯೆಗಿಂತ ಮೊದಲು, ಮೃತ್ಯುವಿಗೆ ಕೊಟ್ಟೆನೆಂದ ತಂದೆಗಾಗಿ ಮಗನು ತನ್ನ ಮೂರರಲ್ಲಿ ಒಂದನ್ನು ವ್ಯಯಿಸಿದ. ಯಮನು ಹಾಗೆಯೇ ಆಗಲಿ ಎನ್ನುತ್ತ ಒಂದು ಮಾತನ್ನು ತಾನಾಗಿ ಸೇರಿಸುತ್ತಾನೆ: ನಿನ್ನ ತಂದೆ ಇನ್ನು ರಾತ್ರಿಗಳಲ್ಲಿ ಸುಖವಾಗಿ ಮಲಗುವನು.

ಕೇಳದೆ ಇದ್ದ ನಿದ್ರೆಯನ್ನು ಯಮನು ಏಕೆ ಸೇರಿಸಿದ? ಮಗನಿಗೆ ಬಾರದ ಮಾತನ್ನಾಡಿದ ತಂದೆಯು ಆ ಮೂರು ರಾತ್ರಿ ಮಲಗಿರಲಿಲ್ಲವೆಂದು ಅವನಿಗೆ ತಿಳಿದಿರಬೇಕು. ಮಾತು ಹೊರಟಿತು, ಹಿಂತೆಗೆದುಕೊಳ್ಳಲು ಹಿರಿತನ ಬಿಡದು. ನಾವು ಹೀಗೆ ವಿವರಿಸುತ್ತಿರುವಾಗ ಆ ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡದ್ದು ಕಂಡಿತು.

ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಕುಳಿತರು. ನಾವು ನಲವತ್ತು ನಿಮಿಷದ ಮಾತನ್ನಾಗಲಿ, ಮಣೆಯ ಮಾತನ್ನಾಗಲಿ ಎತ್ತಲೇ ಇಲ್ಲ.

"ನನಗ ಒಬ್ಬ ಮಗಾನೂ ಇದ್ದಾನ್ರೀ. ಹೈದರಾಬಾದಿನ್ಯಾಗ ಇರತಾನ. ಆರು ವರ್ಷ ಆತು. ಬಾಗಲದಾಗ ನಿಂತು, ನನ್ನ ಪಾಲಿಗೆ ನೀ ಸತ್ತಿ ಅಂದುಬಿಟ್ರು. ಅವತ್ತಿನಿಂದ ಮನ್ಯಾಗ ಅವನ ಹೆಸರಿಲ್ಲ. ಆದರ ಆಚಾರ್ಯರ, ಆರು ವರ್ಷದಿಂದ ಅವರು ರಾತ್ರಿ ಮೂರಕ್ಕ ಎದ್ದು ಕೂಡತಾರ. ಕೇಳಿದರ ಸೆಕೆ ಅಂತಾರ. ಥಂಡಿ ದಿನದಾಗೂ ಸೆಕೆ ಅಂತಾರ."

ಮಗನ ವಿವಾಹವು ತಂದೆಯ ಒಪ್ಪಿಗೆಯಿಂದ ನಡೆದಿರಲಿಲ್ಲ. ಅದರ ವಿವರ ಇಲ್ಲಿ ಅನಗತ್ಯ. ತಂದೆಯ ವ್ಯಥೆಗೆ ಕಾರಣವಿರಲಿಲ್ಲವೆಂದು ನಾವು ಹೇಳಲಾರೆವು. ಆಚಾರನಿಷ್ಠರು, ಮನೆಯಲ್ಲಿ ತಲೆಮಾರುಗಳ ಸಾಲಿಗ್ರಾಮದ ಪೂಜೆ. ಆದರೆ ಕಠೋಪನಿಷತ್ತಿನ ತಂದೆಯಾಡಿದ ಮಾತನ್ನೇ ಅಕ್ಷರಶಃ ಆಡಿದ ಇನ್ನೊಬ್ಬ ತಂದೆಯ ಮನೆ ನಮ್ಮ ಮಠದಿಂದ ನಾಲ್ಕು ನಿಲ್ದಾಣಗಳ ಆಚೆ ಇದೆಯೆಂದು ತಿಳಿದಾಗ, ವೇದಿಕೆಯ ಮೇಲೆ ಕುಳಿತು ಅದನ್ನು ಕಥೆಯಂತೆ ಹೇಳಿದ ನಮಗೆ ಏನೆನ್ನಿಸಿತೆಂದು ಬರೆಯುವುದು ಕಷ್ಟ.

ಮಗನಿಗೆ ಕಾಗದ ಬರೆಯಿರಿ, ಶಾಂತಿಯ ದಿನ ಬರಲಿ ಎಂದೆವು. ಏನನ್ನೂ ತರಬಾರದು. ಕ್ಷಮೆಯ ಭಾಷಣವನ್ನೂ ಮಾಡಬಾರದು, ಹಳೆಯ ವಾದವನ್ನೂ ಎತ್ತಬಾರದು. ಸ್ನಾನ ಮಾಡಿ, ಪಂಚೆಯುಟ್ಟು, ಶಾಸ್ತ್ರದಲ್ಲಿ ಹೇಳಿದಂತೆ ಪ್ರವರವನ್ನು ಹೇಳಿ ತಂದೆಗೆ ಅಭಿವಾದನ ಮಾಡಲಿ. ಋಷಿಗಳ ಹೆಸರು, ಗೋತ್ರ, ಸೂತ್ರ, ಶಾಖೆ, ಕಡೆಯಲ್ಲಿ ತನ್ನ ಹೆಸರು.

ಇದನ್ನೇ ಏಕೆ ಹೇಳಿದೆವೆಂದರೆ, ಅಭಿವಾದನ ಮಾಡಿದವನಿಗೆ ಹಿರಿಯನು ಪ್ರತ್ಯಭಿವಾದನ ಮಾಡಲೇಬೇಕು. ಆಯುಷ್ಮಂತನಾಗೆಂದು ಹರಸಿ ಅವನ ಹೆಸರನ್ನು ಉಚ್ಚರಿಸಬೇಕು. ಅಷ್ಟೇ ಅಲ್ಲ, ಆ ಹೆಸರಿನ ಕೊನೆಯ ಸ್ವರವನ್ನು ಪ್ಲುತವಾಗಿ, ಅಂದರೆ ಮೂರು ಮಾತ್ರೆಗಳಷ್ಟು ಎಳೆದು ಹೇಳಬೇಕೆಂಬುದು ಪಾಣಿನಿಯ ವಿಧಿ. ಪತಂಜಲಿ ಮುನಿಗಳು ಮಹಾಭಾಷ್ಯದ ಆರಂಭದಲ್ಲಿ ವ್ಯಾಕರಣವನ್ನು ಏಕೆ ಓದಬೇಕೆಂದು ಹೇಳುವಾಗ ಈ ಪ್ಲುತವನ್ನು ಅರಿಯುವುದೂ ಒಂದು ಪ್ರಯೋಜನವೆಂದು ಎಣಿಸಿದ್ದಾರೆ. ಆರು ವರ್ಷ ಒಂದು ಮಾತ್ರೆಯೂ ನುಡಿಯದ ಹೆಸರನ್ನು ಶಾಸ್ತ್ರವು ಮೂರು ಮಾತ್ರೆಗಳಲ್ಲಿ ನುಡಿಸುತ್ತದೆ. ಕ್ಷಮಿಸಿದೆನೆಂದು ತಂದೆ ಹೇಳಬೇಕಾಗಿಲ್ಲ, ತಪ್ಪಾಯಿತೆಂದು ಒಪ್ಪಬೇಕಾಗಿಲ್ಲ. ಹಿರಿತನಕ್ಕೆ ಭಂಗವಿಲ್ಲದೆ ಮಾತು ಹಿಂದಿರುಗಲು ಪೂರ್ವಿಕರು ಬಿಟ್ಟ ಒಂದು ಕಿಟಕಿಯದು.

ಹೀಗೆಲ್ಲ ಹೇಳಿದೆವು, ನಿಜ. ಆದರೆ ಅಂದು ರಾತ್ರಿ ನಮಗೇ ಭಯವಾಯಿತು. ಆ ಗೃಹಸ್ಥರು ಎಲ್ಲರೆದುರು ಎದ್ದು ಹೋಗಿಬಿಟ್ಟರೆ? ಮಂಗಳಕಾರ್ಯದಲ್ಲಿ ಅಮಂಗಳವಾದರೆ ಆ ತಾಯಿಗೆ ಯಾವ ಮುಖ ತೋರಿಸುವುದು? ಇನ್ನೊಬ್ಬರ ಮನೆಯ ಬಾಗಿಲನ್ನು ಶಾಸ್ತ್ರದ ಕೈಯಿಂದ ತಟ್ಟುವುದು ಸುಲಭ, ತೆರೆಯದಿದ್ದರೆ ಹೊರಗೆ ನಿಲ್ಲುವವರು ಅವರು.

ಕಾರ್ತೀಕದಲ್ಲಿ ಶಾಂತಿ ನಡೆಯಿತು. ನಾವೂ ಹೋಗಿದ್ದೆವು. ಮಗನು ಹೈದರಾಬಾದಿನಿಂದ ರಾತ್ರಿಯ ಗಾಡಿಯಲ್ಲಿ ಬಂದು, ಬಂಧುಗಳ ಮನೆಯಲ್ಲಿ ಸ್ನಾನ ಮುಗಿಸಿ, ಹೋಮದ ಹೊತ್ತಿಗೆ ಸಭಾಭವನದ ಹಿಂದಿನ ಸಾಲಿನಲ್ಲಿ ಕುಳಿತಿದ್ದ. ಸೊಸೆ ಅವನ ಪಕ್ಕದಲ್ಲಿ, ನಾಲ್ಕು ವರ್ಷದ ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ತಂದೆ ನೋಡಿದರೋ ಇಲ್ಲವೋ ತಿಳಿಯಲಿಲ್ಲ. ಆಹುತಿಗಳನ್ನು ತಪ್ಪದೆ ಹಾಕುತ್ತಿದ್ದರು. ಕಲಶೋದಕದ ಅಭಿಷೇಕವಾಗಿ ದಂಪತಿಗಳು ಹೊಸ ವಸ್ತ್ರವುಟ್ಟು ಬಂದು ಕುಳಿತರು. ಹಿರಿಯರು ಅಕ್ಷತೆ ಹಾಕಿದರು, ಕಿರಿಯರು ಒಬ್ಬೊಬ್ಬರಾಗಿ ನಮಸ್ಕರಿಸಿದರು. ಮಗಳು ಸರವನ್ನು ಕೊರಳಿಗೆ ಹಾಕಿದಳು. ಆಮೇಲೆ ಇವನು ಎದ್ದು ಬಂದ. ಕಿವಿಗಳನ್ನು ಮುಟ್ಟಿಕೊಂಡು ಪ್ರವರವನ್ನು ಆರಂಭಿಸಿದ. ಮುಂಜಿಯಲ್ಲಿ ತಂದೆಯೇ ಹೇಳಿಕೊಟ್ಟದ್ದು. ನಡುವೆ ಒಂದೆಡೆ ತಪ್ಪಿದ. ತಂದೆ ತಟ್ಟನೆ, ತಲೆಯೆತ್ತದೆಯೇ, ಆ ಋಷಿಯ ಹೆಸರನ್ನು ತಿದ್ದಿದರು. ಮಗನು ತಿದ್ದಿಕೊಂಡು ಮುಂದುವರಿದು ತನ್ನ ಹೆಸರು ಹೇಳಿ ಕಾಲು ಮುಟ್ಟಿದ.

ಪುರೋಹಿತರು ಮಂತ್ರ ನಿಲ್ಲಿಸಿದ್ದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತಂದೆ ಹರಸಿದರು. ಹೆಸರು ಹಿಡಿದು ಹರಸಿದರು. ಸ್ವರವು ಮೂರು ಮಾತ್ರೆ ಎಳೆಯಿತೋ, ನಡುವೆ ತುಂಡಾಯಿತೋ, ಎಣಿಸುವ ಸ್ಥಿತಿಯಲ್ಲಿ ನಾವಿರಲಿಲ್ಲ. ಮಗುವನ್ನು ಆ ತಾಯಿಯೇ ತಂದು ಅಜ್ಜನ ಪಕ್ಕದಲ್ಲಿ ಕೂರಿಸಿದರು. ಸೊಸೆಯೊಡನೆ ಅಂದು ಅವರು ಮಾತನಾಡಲಿಲ್ಲವೆಂಬುದನ್ನೂ ಇಲ್ಲಿ ಮುಚ್ಚಿಡಬಾರದು. ಊಟದ ಪಂಕ್ತಿಯಲ್ಲಿ ಮಾತ್ರ, ಆ ಎಲೆಗೆ ಹೋಳಿಗೆ ಬಂದಿಲ್ಲ ನೋಡಿ ಎಂದು ಬಡಿಸುವವರಿಗೆ ಹೇಳಿದ್ದು ನಮ್ಮ ಕಿವಿಗೆ ಬಿದ್ದಿತು.

ಹತ್ತು ದಿನಗಳಾದ ಮೇಲೆ ಆ ತಾಯಿ ದೂರವಾಣಿ ಮಾಡಿದರು. ಪ್ರಶ್ನೆ ಬೇರೆಯೇ ಇತ್ತು. "ಆಚಾರ್ಯರ, ನಿನ್ನೆ ಹಾಲಿನಾಂವ ಮೂರು ಸರತೆ ಗಂಟಿ ಬಾರಿಸಿದರೂ ಇವರಿಗೆ ಎಚ್ಚರಾಗಲಿಲ್ಲ. ಸೂರ್ಯೋದಯ ಆಗಿ ಭಾಳ ಹೊತ್ತಾಗಿತ್ತು. ಸಂಧ್ಯಾವಂದನಿಗೆ ವ್ಯಾಳ್ಯಾ ತಪ್ಪಿತು ಅಂತ ಮನಸಿಗೆ ಹಚಗೊಂಡು ಕೂತಾರ. ಏನ್ ಮಾಡಬೇಕ್ರೀ?"

ಕಾಲ ಮೀರಿದ್ದಕ್ಕೆ ಪ್ರಾಯಶ್ಚಿತ್ತವಾಗಿ ನಾಲ್ಕನೆಯ ಅರ್ಘ್ಯವೊಂದನ್ನು ಕೊಟ್ಟರಾಯಿತು, ಶಾಸ್ತ್ರದಲ್ಲಿ ಅದಕ್ಕೆ ಅವಕಾಶವಿದೆ, ಎಬ್ಬಿಸಬೇಡಿ ಎಂದೆವು.

॥ ಶ್ರೀಕೃಷ್ಣಾರ್ಪಣಮಸ್ತು ॥